ಜಡೆಯಷ್ಟುದ್ದದ ಹಾವು

ಅಹಮದಾಬಾದಿಗೆ ಬರುವ ಹೊತ್ತಿಗೆ ಹಾವು ಮಂಚದ ಕಾಲಿಗೆ ಸುತ್ತಿಕೊಳ್ಳುವಷ್ಟು ಬೆಳೆದಿತ್ತು.

ರಜೆಗೆಂದು ಊರಿಗೆ ಬಂದ ಹೊಸದರಲ್ಲಿ ಅದು ಬಚ್ಚಲಿನ ಮೂಲೆಯಲ್ಲಿ ಸುಮ್ಮನೆ ಮಲಗಿರುತ್ತಿತ್ತು. ಮಳೆಗಾಲ ಮುಗಿಯುವಷ್ಟರಲ್ಲಿ ಬಚ್ಚಲಿನ ಹೊಸಿಲು ದಾಟಿತು. ಕ್ರಿಸ್‌ಮಸ್ಸಿಗೆ ಹೆಡೆ ಎತ್ತಿತು. ಈಗ ವಾಪಸು ಹೊರಡುವ ದಿನ ಹತ್ತಿರವಾದಾಗ, ಬೋಡಕ್‌ದೇವ್ ಬಡಾವಣೆಯ ಎಂಟನೆಯ ಮಹಡಿಯ ಫ್ಲ್ಯಾಟೊಂದರಲ್ಲಿ, ಸೋಫಾಗಳನ್ನು ಗೋಡೆಗೆ ಒತ್ತಿ ನೆಲದ ಮೇಲೆ ಚಾದರ ಹಾಸಿ ಕೂತ ಜನರ ಮುಂದೆ, ಸುಲೋಚನಾ ಅದನ್ನು ಮಾತಿನಲ್ಲೇ ಮಗಳು ಮಲಗಿದ್ದ ಮಂಚದವರೆಗೂ ಹರಿಸಿಬಿಟ್ಟಳು.

"ಕರೆಂಟ್ ಇರಲಿಲ್ಲ. ಇವರು ಹಳ್ಳಿಗೆ ಹೋಗಿದ್ದರು. ನಾನು, ನನ್ನ ಮಗಳು, ಆ ಹಾವು. ಮೂರೇ ಜನ."

ಮೂರೇ ಜನ ಎಂದದ್ದಕ್ಕೆ ಯಾರೂ ನಗಲಿಲ್ಲ. ಕೆಲಸಕ್ಕೆಂದು ಕರ್ನಾಟಕದಿಂದ ಬಂದು ನಗರದಲ್ಲಿ ಬಾಡಿಗೆಗೆ ಇದ್ದ ಹುಡುಗಿಯರು ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಹಿಂದಿನ ಸಾಲಿನಲ್ಲಿ ಗೋಡೆಗೊರಗಿ ಕೂತಿದ್ದ ಹದಿನಾಲ್ಕರ ಮಗಳು ಪ್ರಾರ್ಥನಾ ಮಾತ್ರ ತಾಯಿಗಷ್ಟೇ ಕಾಣುವಂತೆ ಎರಡು ಕೈಗಳನ್ನು ಎದೆಯ ಮುಂದೆ ಹಿಡಿದು, ನಡುವೆ ಒಂದು ಮೊಳದಷ್ಟು ಜಾಗ ಬಿಟ್ಟು, ಹುಬ್ಬು ಹಾರಿಸಿದಳು. ಸುಲೋಚನಾ ನೋಟ ತಿರುಗಿಸಿಕೊಂಡಳು. ಅವಳ ಕೈ ತಾನಾಗಿಯೇ ಭುಜದ ಚೀಲದೊಳಗೆ ಹೋಗಿ ಅಲ್ಲಿದ್ದ ಒಂದು ಕೀಲಿಯನ್ನು ಹಿಡಿದುಕೊಂಡಿತು.

ಅವಳ ಗಂಡ ಕಿಶೋರ್ ಮೊದಲು ವಡೋದರಾದ ಮಕರಪುರಾದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವನು. ಅವನ ಅಪ್ಪ ಗದಗಿನ ಕಡೆಯಿಂದ ರೈಲ್ವೆ ನೌಕರಿಯ ಮೇಲೆ ಬಂದು ಇಲ್ಲಿಯೇ ನೆಲೆಯಾದವರು. ದೇವರ ಕರೆ ಬಂತೆಂದು ಕಿಶೋರ್ ಕೆಲಸ ಬಿಟ್ಟು, ಬೈಬಲ್ ಶಾಲೆಯಲ್ಲಿ ಓದಿ, ಹೆಂಡತಿ ಮಗಳನ್ನು ಕರೆದುಕೊಂಡು ಆಫ್ರಿಕಾದ ಮಲಾವಿಗೆ ಹೋದ. ಅಲ್ಲಿ ಸರೋವರದ ದಂಡೆಯ ಮಿಷನ್ ಕೇಂದ್ರದಲ್ಲಿ ವಾರವೆಲ್ಲ ಹುಡುಗರಿಗೆ ನೀರಿನ ಪಂಪು ರಿಪೇರಿ ಕಲಿಸುತ್ತಾನೆ, ಭಾನುವಾರ ಚರ್ಚಿನಲ್ಲಿ ಪ್ರಸಂಗ ಮಾಡುತ್ತಾನೆ. ಕೆಲವು ವರ್ಷಗಳಿಗೊಮ್ಮೆ ಒಂದು ವರ್ಷ ತಾಯ್ನಾಡಿನಲ್ಲಿ ರಜೆ. ರಜೆ ಎಂಬುದು ಹೆಸರಿಗೆ. ತಮಗಾಗಿ ಪ್ರಾರ್ಥಿಸುವ ಸಭೆಗಳಿಗೆಲ್ಲ ಹೋಗಿ ಅಲ್ಲಿನ ಸಂಗತಿ ಹೇಳಿ ಬರುವುದೇ ಆ ವರ್ಷದ ಕೆಲಸ.

ಆ ಕೆಲಸದಲ್ಲಿ ಪಾಲು ಮಾಡಿದ್ದರು. ಕಿಶೋರನದು ಪ್ರಸಂಗ. ಪ್ರಾರ್ಥನಾಳದು ಅಲ್ಲಿಯ ಭಾಷೆಯ ಹಾಡು. ಸುಲೋಚನಾಳದು ಸಾಕ್ಷಿ, ಎಂದರೆ ದೇವರು ತನ್ನನ್ನು ನಡೆಸಿದ ಬಗೆ ಹೇಳುವುದು. ಮಿಷನರಿಯ ಹೆಂಡತಿಯ ಸಾಕ್ಷಿಯಲ್ಲಿ ಕಷ್ಟ ಇರಬೇಕು. ಇದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ, ಅನುಭವದಿಂದ ಕಲಿತದ್ದು. ಮೊದಲ ಸಭೆಯಲ್ಲಿ ಅವಳು ಸರೋವರದ ಬಗ್ಗೆ ಹೇಳಿದ್ದಳು, ಬೆಳಿಗ್ಗೆ ದೋಣಿಗಳು ಬರುವುದು, ಮೀನಿನ ಬೆಳ್ಳಿ ಹೊಳಪು, ಮೆಕ್ಕೆಜೋಳದ ಹಿಟ್ಟಿನಲ್ಲಿ ಮಾಡುವ ಥೇಟು ನಮ್ಮ ಸಂಗಟಿಯಂಥ ಊಟ. ಜನ ಮರ್ಯಾದೆಗೆ ತಲೆಯಾಡಿಸಿದರು. ಕೊನೆಯಲ್ಲಿ ಒಬ್ಬ ಅಜ್ಜಿ ಬಂದು, "ಚಲೋ ಆತವಾ, ಒಳ್ಳೆ ಹವಾಪಾಣಿ ಊರಿಗೆ ಹೋಗಿ ಬಂದೀರಿ" ಎಂದು ಬೆನ್ನು ತಟ್ಟಿ ಹೋದಳು. ಮುಂದಿನ ಸಭೆಯಲ್ಲಿ ಸುಲೋಚನಾ ಹಾವನ್ನು ಬಿಟ್ಟಳು. ಅಂದು ಜನ ಮೊಣಕಾಲೂರಿ ಪ್ರಾರ್ಥಿಸಿದರು.

ಅಹಮದಾಬಾದಿನಲ್ಲಿ ಅದು ಮೊಣಕಾಲಿಗೇ ನಿಲ್ಲಲಿಲ್ಲ. ಫ್ಲ್ಯಾಟಿನ ಯಜಮಾನ ಗುಂಡಪ್ಪನವರು ತುಮಕೂರಿನವರು, ವಿಮಾ ಕಂಪನಿಯ ವರ್ಗಾವಣೆಯ ಮೇಲೆ ಬಂದವರು, ಅಲ್ಲಿಯ ಕನ್ನಡ ಸಭೆಯ ಹಿರಿಯರು. ಅಕ್ಕಪಕ್ಕದವರಿಗೆ ತೊಂದರೆಯಾದೀತೆಂದು ಹಾಡಿಗೆ ಮುಂಚೆ ಕಿಟಕಿ ಮುಚ್ಚಿಸುವಷ್ಟು ಸಂಭಾವಿತರು. ಅವರು ಕನ್ನಡಕ ತೆಗೆದು ಒರೆಸುತ್ತ ಎದ್ದು ನಿಂತರು.

"ಬ್ರದರ್ ಕಿಶೋರ್, ತಪ್ಪು ತಿಳ್ಕೋಬೇಡಿ. ಈ ತಾಯಿ ಎಷ್ಟು ಅಂತ ಅನುಭವಿಸ್ಬೇಕು ಹೇಳಿ. ಕರೆ ಬಂದಿದ್ದು ನಿಮಗೆ. ನೀವು ಹೋಗಿ ಬನ್ನಿ. ಇವರೂ ಮಗಳೂ ವಡೋದರಾದಲ್ಲೇ ಇರಲಿ. ಮಗೂಗೆ ಸ್ಕೂಲ್ ಅಡ್ಮಿಷನ್ ನನ್ನ ಜವಾಬ್ದಾರಿ. ಏನಂತೀರ ಎಲ್ಲಾ?"

"ಆಮೆನ್" ಎಂದರು ಎಲ್ಲ. ಕೈ ಹಿಡಿದುಕೊಂಡಿದ್ದ ಹುಡುಗಿಯರು ಎಲ್ಲರಿಗಿಂತ ಜೋರಾಗಿ ಎಂದರು.

ಸುಲೋಚನಾ ಗಂಡನ ಮುಖ ನೋಡಿದಳು. ಅವನ ಕಣ್ಣು ತುಂಬಿದ್ದವು.

ವಡೋದರಾಕ್ಕೆ ಹೋಗುವ ಇಂಟರ್‌ಸಿಟಿ ರೈಲಿನಲ್ಲಿ ಕಿಟಕಿ ಪಕ್ಕದ ಜಾಗ ಸಿಕ್ಕಿತು. ನಡಿಯಾದ್ ಸ್ಟೇಷನ್ ದಾಟಿತು. ಕಿಶೋರ್ ಹೇಳಿದ:

"ಗುಂಡಪ್ಪನವರು ಹೇಳಿದ್ದು ಖರೆ ಐತಿ, ಸುಲೂ. ನಾ ಬರೇ ನನ್ನ ಕರೆ ಅಷ್ಟ ನೋಡಿದೆ. ನಿನ್ನ ತ್ಯಾಗ ನನಗ ಕಾಣಲೇ ಇಲ್ಲ. ಸೋಮವಾರ ಮಿಷನ್ ಆಫೀಸಿಗೆ ಫೋನ್ ಮಾಡಿ ನಿಮ್ಮಿಬ್ಬರ ಟಿಕೆಟ್ ಕ್ಯಾನ್ಸಲ್ ಮಾಡ್ರಿ ಅಂತೀನಿ."

"ಆದ್ರ ನೀವು ಒಬ್ಬರ..."

"ನನ್ನ ಚಿಂತಿ ಬಿಡು. ನೀ ಆರಾಮ ಇರು. ಸಾಕು ನೀ ಸಹಿಸಿದ್ದು."

ಎದುರು ಸೀಟಿನ ಪ್ರಾರ್ಥನಾ ಕಿವಿಯಿಂದ ಇಯರ್‌ಫೋನ್ ತೆಗೆದಳು. "ಮಮ್ಮಿ, ಹೇಳಿಬಿಡು. ಆ ಸ್ನೇಕ್..."

"ಸುಮ್ನಿರು" ಎಂದಳು ಸುಲೋಚನಾ.

ಹೇಳುವುದೇನು? ಆ ಹಾವು ಅವಳ ಜಡೆಯಷ್ಟುದ್ದ ಇತ್ತು ಎಂದು? ಬಚ್ಚಲಿನ ತೂತಿನಿಂದ ದಾರಿ ತಪ್ಪಿ ಬಂದ ಅದನ್ನು ಅವಳೇ ಪೊರಕೆಯ ಮೇಲೆ ಎತ್ತಿ, ಬೇಲಿಯಾಚೆ ಬಿಟ್ಟು, ಕೈ ತೊಳೆದು, ಒಲೆಯ ಮೇಲಿನ ಸಾರು ನೋಡಲು ಹೋಗಿದ್ದಳು ಎಂದು? ಅಂದು ಕಿಶೋರ್ ಹಳ್ಳಿಗೆ ಹೋಗಿರಲಿಲ್ಲ, ಮನೆಯಲ್ಲಿಯೇ ಊಟದ ಮೇಜಿನ ಮೇಲೆ ಚಪ್ಪಲಿ ಸಮೇತ ನಿಂತಿದ್ದ ಎಂದು? ಇದನ್ನು ಅವನು ಮರೆತಿದ್ದನೋ, ಅಥವಾ ಹೆಂಡತಿಯ ಸಾಕ್ಷಿ ಕೇಳಿ ಕೇಳಿ ತಾನು ಹಳ್ಳಿಗೇ ಹೋಗಿದ್ದೆನೆಂದು ನಂಬಿಬಿಟ್ಟಿದ್ದನೋ, ಅವಳಿಗೆ ತಿಳಿಯಲಿಲ್ಲ.

ಹಾವಿಗಿಂತ ದೊಡ್ಡದು ಇನ್ನೊಂದು ಇತ್ತು. ಅದನ್ನು ಅವಳು ಯಾವ ಸಭೆಯಲ್ಲೂ ಹೇಳಿರಲಿಲ್ಲ, ಗಂಡನಿಗೂ ಹೇಳಿರಲಿಲ್ಲ. ಅವಳಿಗೆ ಆ ಊರು ಇಷ್ಟ. ಸಹಿಸಿಕೊಳ್ಳುವಷ್ಟಲ್ಲ, ಹಂಬಲಿಸುವಷ್ಟು.

ಚೀಲದೊಳಗಿನ ಕೀಲಿ ಮಿಷನ್ ಕೇಂದ್ರದ ಹಳೆಯ ಪಿಕಪ್ ಗಾಡಿಯದು, ಮರದ ಪುಟ್ಟ ಮೀನೊಂದು ಅದಕ್ಕೆ ಜೋತುಬಿದ್ದಿತ್ತು. ಹೊರಡುವ ಗಡಿಬಿಡಿಯಲ್ಲಿ ಅವಳೊಂದಿಗೇ ಬಂದುಬಿಟ್ಟಿತ್ತು. ಎಂಜಿನ್ನನ್ನು ಪೂರ್ತಿ ಬಿಚ್ಚಿ ಜೋಡಿಸಬಲ್ಲ ಕಿಶೋರ್ ಸ್ಟೀರಿಂಗ್ ಹಿಡಿದರೆ ಮಾತ್ರ ಗಾಡಿ ನೇರ ಜೋಳದ ಹೊಲಕ್ಕೇ ನುಗ್ಗುತ್ತಿತ್ತು. ಹಾಗಾಗಿ ಸುಲೋಚನಾ ಕಲಿತಳು. ಪ್ರತಿ ಬುಧವಾರ ಹೊಲಿಗೆ ಯಂತ್ರಗಳನ್ನು ಹಿಂದೆ ಹೇರಿಕೊಂಡು ದಂಡೆಯ ಹಳ್ಳಿಗಳಿಗೆ ಹೊಲಿಗೆ ಕಲಿಸಲು ಹೋಗುತ್ತಾಳೆ. ಕೆಂಪು ಮಣ್ಣಿನ ರಸ್ತೆ, ಒಂದು ಬದಿಗೆ ನೀರು, ಕಿಟಕಿಯಿಂದ ಗಾಳಿ. ಹಳ್ಳಿ ಬರುವ ಮೊದಲೇ ಗಾಡಿಯ ಸದ್ದು ಗುರುತಿಸಿ ಹೆಂಗಸರು ಹಾಡಲು ಶುರು ಮಾಡುತ್ತಾರೆ, "ಅಮಾಯಿ, ಅಮಾಯಿ" ಎಂದು. ಅಲ್ಲಿ ತಾಯಿಯನ್ನೂ ದೊಡ್ಡ ಹೆಂಗಸನ್ನೂ ಹಾಗೆಯೇ ಕರೆಯುವುದು. ಅಲ್ಲಿ ಅವಳು ಬಾಯಿಗೆ ಸೆರಗು ಹಿಡಿಯದೆ ನಗುತ್ತಾಳೆ. ಇಲ್ಲಿ ವಡೋದರಾದ ಮಂಜಲ್‌ಪುರದಲ್ಲಿ, ಅತ್ತೆಯ ಮನೆಯಿಂದ ಕೊತ್ತಂಬರಿ ತರಲು ಕೆಳಗೆ ಇಳಿದರೂ ಮೂರು ಮಹಡಿಯ ಜನ "ಕಹಾಂ ಚಲೀ, ಭಾಭಿ?" ಎಲ್ಲಿಗೆ ಹೊರಟಿರಿ ಎಂದು ಕೇಳುತ್ತಾರೆ.

ಕಷ್ಟ ಸಹಿಸಲು ಬಲ ಕೊಡು ಎಂದು ಬೇಡುವ ಪ್ರಾರ್ಥನೆಗಳು ಅವಳಿಗೆ ಬೇಕಾದಷ್ಟು ಗೊತ್ತಿದ್ದವು. ಸುಖವಾಗಿದ್ದೇನೆ ಎಂದು ಬಾಯಿ ಬಿಡಲು ಬಲ ಕೊಡು ಎಂಬ ಪ್ರಾರ್ಥನೆಯನ್ನು ಯಾರೂ ಕಲಿಸಿರಲಿಲ್ಲ. ಅವಳ ತವರಿನಲ್ಲಿ ದೇವರ ಕೆಲಸಕ್ಕೆ ಹೋದವರು ಬಡವಾಗಿ, ಕಪ್ಪಾಗಿ, ಕಣ್ಣು ಗುಳಿ ಬಿದ್ದು ಬರಬೇಕಿತ್ತು. ಇವಳು ಹೋದಾಗಿನಿಂದ ಮೈ ತುಂಬಿಕೊಂಡಿದ್ದಳು. ಜೊತೆಗೆ ಇನ್ನೊಂದು ಮಾತೂ ನಿಜ. ಕಿಶೋರ್ "ನಿನ್ನ ತ್ಯಾಗ" ಎಂದಾಗಲೆಲ್ಲ ಅವಳಿಗೆ ಕೇಳಲು ಹಿತವಾಗುತ್ತಿತ್ತು. ಎಂದೂ ಮಾಡದ ಅಡುಗೆಯನ್ನು ಹೊಗಳಿದರೆ ಬೇಡವೆನ್ನಲು ಯಾರಿಗೆ ಮನಸ್ಸು ಬರುತ್ತದೆ?

ಆ ಹಿತ ಈಗ ಅವಳ ಟಿಕೆಟ್ಟನ್ನೇ ಕೇಳುತ್ತಿತ್ತು.

ಮಂಜಲ್‌ಪುರದ ಮನೆಯಲ್ಲಿ ಅತ್ತೆ ರಾಜಮ್ಮ ಸುದ್ದಿ ಕೇಳಿ ಸೊಸೆಯನ್ನು ಅಪ್ಪಿಕೊಂಡಳು. "ನನ್ನ ಪ್ರಾರ್ಥನಿ ದೇವರಿಗೆ ಮುಟ್ಟಿತು" ಎಂದು ಬಾಗಿಲಲ್ಲಿ ನಿಂತಿದ್ದ ನೆರೆಯವರಿಗೆ ಕೇಳಿಸುವಂತೆ ಹೇಳಿದಳು. ಕಟ್ಟಿಟ್ಟಿದ್ದ ಸೂಟ್‌ಕೇಸು ಆ ಸಂಜೆಯೇ ಬಿಚ್ಚಿತು. ಶೇಂಗಾ ಚಟ್ನಿಪುಡಿ, ಒಣಗಿಸಿದ ಸಂಡಿಗೆ, ಬಟ್ಟೆಯಲ್ಲಿ ಬಿಗಿದ ಉಪ್ಪಿನಕಾಯಿ ಭರಣಿ ಎಲ್ಲ ಒಂದೊಂದಾಗಿ ಅಡುಗೆಮನೆಗೆ ವಾಪಸು ಹೋದವು.

ಮರುದಿನ ವಡೋದರಾದ ಸಭೆಯ ಬೀಳ್ಕೊಡುಗೆ. ಈಗ ಅದಕ್ಕೆ ಏನು ಹೆಸರಿಡಬೇಕೆಂದು ಯಾರಿಗೂ ತಿಳಿಯಲಿಲ್ಲ. ರಾಜಮ್ಮನೇ ಹೆಂಗಸರ ಕೂಟದ ಮುಖ್ಯಸ್ಥೆ. ಬೇಕರಿಗೆ ಹೇಳಿದ್ದ ಕೇಕಿನ ಮೇಲೆ ಆಗಲೇ 'ಹ್ಯಾಪಿ ಜರ್ನಿ' ಎಂದು ಬರೆದಾಗಿತ್ತು. ಹೋಗುವವನು ಒಬ್ಬ, ಉಳಿಯುವವರು ಇಬ್ಬರು, ಬಹುಮತ ಉಳಿಯುವವರದು ಎಂದು ತೀರ್ಮಾನಿಸಿ ಅವಳು ಬೇಕರಿಯವನಿಂದ 'ಜರ್ನಿ'ಯನ್ನು ಕೆರೆಸಿಹಾಕಿದಳು. ಅಲ್ಲಿ ಸ್ವಲ್ಪ ಹಳ್ಳ ಬಿದ್ದ ಕೇಕಿನ ಮೇಲೆ 'ಹ್ಯಾಪಿ' ಒಂದೇ ಉಳಿಯಿತು. ಚಾಕು ಹಿಡಿದ ಸುಲೋಚನಾಳಿಗೆ ನಗುವೂ ಬಂತು, ಅಳುವೂ ಬಂತು. ಅತ್ತದ್ದನ್ನು ನೋಡಿ ಜನ ಸಂತೋಷದ ಕಣ್ಣೀರು ಎಂದರು. ಆ ದಿನ ಅವಳು ಹಾವಿನ ಕತೆ ಹೇಳಲಿಲ್ಲ. ಗಂಟಲು ಸರಿ ಇಲ್ಲ ಎಂದು ಕೂತಳು. ಹೆಂಗಸರು ತಾವೇ ಒಬ್ಬರಿಗೊಬ್ಬರು ಹೇಳಿಕೊಂಡರು, ಕೊನೆಯ ಸಾಲು ಮುಟ್ಟುವಷ್ಟರಲ್ಲಿ ಹಾವುಗಳು ಎರಡಾಗಿದ್ದವು.

ಉಪ್ಪಿನ ಡಬ್ಬಿಯ ಮಾತು ಬಂದದ್ದು ಅದರ ಮಾರನೆಯ ಬೆಳಿಗ್ಗೆ, ಶನಿವಾರ.

ವರ್ಷದಿಂದ ಆ ಅಡುಗೆಮನೆಯಲ್ಲಿ ಒಂದು ಮೌನ ಯುದ್ಧ ನಡೆದಿತ್ತು. ರಾಜಮ್ಮನ ಉಪ್ಪಿನ ಡಬ್ಬಿ ಮೊದಲಿನಿಂದ ಮೇಲಿನ ಹಲಗೆಯ ಮೇಲೆ, ಕಿಟಕಿಯ ಹತ್ತಿರ. ಸುಲೋಚನಾ ಬಂದ ವಾರವೇ ಕೈಗೆ ಸಿಗಲೆಂದು ಅದನ್ನು ಒಲೆಯ ಪಕ್ಕಕ್ಕೆ ಇಳಿಸಿದಳು. ಮಧ್ಯಾಹ್ನ ಅದು ಮತ್ತೆ ಹಲಗೆ ಹತ್ತಿತು. ಸಂಜೆ ಇಳಿಯಿತು. ಇಬ್ಬರೂ ಇದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಇಬ್ಬರೂ ಮಾತಿಗೆ ಮುಂಚೆ 'ದೇವರ ದಯೆ' ಎನ್ನುವವರು. ಉಪ್ಪಿಗಾಗಿ ಜಗಳಾಡುವುದು ಶೋಭಿಸುತ್ತಿರಲಿಲ್ಲ.

ಅಂದು ಚಪಾತಿ ಹಿಟ್ಟು ಕಲಸುತ್ತಿದ್ದ ಸುಲೋಚನಾ ಹಲಗೆಯ ಕಡೆ ಕೈ ಚಾಚಿದಾಗ ರಾಜಮ್ಮ ಹೇಳಿದಳು:

"ಇನ್ನ ಮ್ಯಾಲೆ ಒಲಿ ಬಾಜೂಕೇ ಇಡವಾ ಅದನ್ನ. ಹೆಂಗೂ ಇಲ್ಲೇ ಇರಾಕಿ ನೀ."

ಮಾತಿನಲ್ಲಿ ಪ್ರೀತಿ ಇತ್ತು. ಆದರೆ ದನಿ, ಮನೆ ಬರೆದುಕೊಟ್ಟವರ ದನಿ. ಸುಲೋಚನಾ ತಿರುಗಿ ನೋಡಿದಳು. ರಾಜಮ್ಮ ಡಬ್ಬಿಯನ್ನು ನೋಡುತ್ತ ನಿಂತಿದ್ದಳು.

"ಅತ್ತಿ," ಎಂದಳು ಸುಲೋಚನಾ, "ನಿಮಗ ನಾ ಇಲ್ಲೆ ಉಳಿಯೂದು ಖುಷಿ ಐತೇನು?"

"ಅಯ್ಯ! ಇದೇನ್ ಕೇಳತಿ? ಖುಷಿ ಇಲ್ದ ಏನು? ಸೊಸಿ ಮನ್ಯಾಗ ಇದ್ರ ಅತ್ತಿಗೆ ಖುಷಿ ಆಗಬೇಕಲ್ಲ."

"ಆಗಬೇಕು ಸರಿ. ಆಗೈತೇನು?"

ರಾಜಮ್ಮ ಸ್ಟೂಲು ಎಳೆದುಕೊಂಡು ಕೂತಳು. ಕೆಳಗೆ ಸೊಸೈಟಿಯ ಮೆಟ್ಟಿಲ ಮೇಲೆ ಪಕ್ಕದ ಫ್ಲ್ಯಾಟಿನ ಗುಜರಾತಿ ಹೆಂಗಸರು ಬಟಾಣಿ ಬಿಡಿಸುತ್ತ ನಗುತ್ತಿರುವುದು ಕೇಳಿಸುತ್ತಿತ್ತು. ಸೊಸೆ ಮೊಮ್ಮಗಳು ಬರುವ ಮುಂಚೆ ಈ ಹೊತ್ತಿಗೆ ರಾಜಮ್ಮ ಅಲ್ಲಿರುತ್ತಿದ್ದಳು.

"ಸಿಟ್ಟಾಗಬ್ಯಾಡ. ನೀ ಬಂಗಾರದಂಥಾಕಿ. ಆದ್ರ ನಾ ಒಬ್ಬಾಕಿ ಇದ್ದಾಗ ನನ್ನ ಚಹಾ ನನಗ ಬೇಕಾದಾಗ. ಟೀವಿ ನನಗ ಬೇಕಾದಷ್ಟು ಜೋರು. ರಾತ್ರಿ ಅನ್ನ ಮಾಡಿದ್ರೂ ಸೈ, ಬಿಟ್ರೂ ಸೈ, ಒಂದು ಪಾವ್ ತಿಂದು ಮಕ್ಕೊಂಡೆ. ಈಗ ನಾ ಮಿಷನರಿ ತಾಯಿ. ದಿನಾ ಒಬ್ಬರಾದ್ರೂ ಬರ್ತಾರ ನೋಡಾಕ. ಸೀರಿ ಉಟ್ಟು ಕೂತಿರಬೇಕು. ಒಂದು ವರ್ಷ ಅಂತ ತಡಕೊಂಡೆ." ಅವಳು ನಿಲ್ಲಿಸಿ, ದನಿ ತಗ್ಗಿಸಿದಳು. "ಆದ್ರ ನಿನಗ ಹಾವಿನ ಅಂಜಿಕಿ. ಹೆಂಗ ಹೋಗಂತ ಹೇಳಲಿ?"

"ನನಗ ಹಾವಿನ ಅಂಜಿಕಿ ಇಲ್ಲ ಅತ್ತಿ."

"ಮತ್ತ ಊರೂರಿಗೆ ಹೇಳಕೊಂತ ಅಡ್ಡಾಡಿದೆಲ್ಲ?"

ಸುಲೋಚನಾ ಹಿಟ್ಟಿನ ಕೈಯಲ್ಲೇ ಜಡೆ ಎತ್ತಿ ತೋರಿಸಿದಳು. "ಇಷ್ಟ ಇತ್ತು. ಪೊರಕಿಲೆ ಎತ್ತಿ ಒಗದೆ. ನಿಮ್ಮ ಮಗ ಟೇಬಲ್ ಹತ್ತಿದ್ರು."

ರಾಜಮ್ಮ ಒಂದು ಕ್ಷಣ ಜಡೆಯನ್ನೇ ನೋಡಿದಳು. ಆಮೇಲೆ ಅವಳ ಹೊಟ್ಟೆ ಅಲುಗತೊಡಗಿತು. ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕಳು. "ಸಣ್ಣಾಂವ ಇದ್ದಾಗ ಹಲ್ಲಿಗೂ ಹಂಗ ಮಾಡ್ತಿದ್ದ." ಕಣ್ಣೊರೆಸಿಕೊಂಡು ಕೇಳಿದಳು, "ನಿನಗ ಹೋಗಬೇಕನಸ್ತೈತೇನು?"

"ಬಾಳ" ಎಂದಳು ಸುಲೋಚನಾ. ಆ ಒಂದು ಮಾತನ್ನು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಅಡುಗೆಮನೆ ಸ್ವಲ್ಪ ದೊಡ್ಡದಾದಂತೆ ಅನಿಸಿತು.

"ಹಂಗಾರ ಗಂಡಗ ಹೇಳು."

"ಹೇಳಿದ್ರ ವರ್ಷಪೂರ್ತಿ ಸುಳ್ಳು ಹೇಳಿದಂಗ ಆಗತೈತಿ."

"ಆಗೂದೇನು, ಹೇಳೇ ಹೇಳೀದಿ."

"ನೀವ ಹೇಳ್ರಿ ಅವರಿಗೆ."

"ನಾ ಹೇಳಿದ್ರ? ಸೊಸಿನ್ನ ಹೊರಗ ಹಾಕಿದ್ಲು ಮುದುಕಿ ಅಂತಾರ. ನನ್ನ ಹೆಂಗಸರ ಕೂಟ ನನ್ನ ಸುಮ್ನ ಬಿಡತೈತೇನು?" ರಾಜಮ್ಮ ಎದ್ದು ಉಪ್ಪಿನ ಡಬ್ಬಿಯನ್ನು ಸೊಸೆಯ ಮುಂದೆ ಕುಕ್ಕಿದಳು. "ಹಾವು ಬಿಟ್ಟಾಕಿ ನೀನು. ನೀನೇ ಹಿಡಿ."

ಅಂದು ಸಂಜೆಯೇ ಸೂರತ್ತಿನಲ್ಲಿ ಕೊನೆಯ ಸಭೆ. ಆಮೇಲೆ ಭಾನುವಾರ, ಆಮೇಲೆ ಕಿಶೋರನ ಸೋಮವಾರದ ಫೋನು.

ಸೂರತ್ತಿನ ಕನ್ನಡದವರು ವರಾಛಾದಲ್ಲಿ ಒಂದು ಕಟ್ಟಡದ ಎರಡನೆಯ ಮಹಡಿಯ ಕೋಣೆಯಲ್ಲಿ ಸೇರುತ್ತಿದ್ದರು. ಕೆಳಗಿನ ಮಹಡಿಯಲ್ಲಿ ವಜ್ರ ಉಜ್ಜುವ ಕಾರ್ಖಾನೆ. ಚಕ್ರಗಳ ಸದ್ದು ನೆಲದ ಮೂಲಕ ಅಂಗಾಲಿಗೆ ಬರುತ್ತಿತ್ತು, ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ದೂರದಲ್ಲೆಲ್ಲೋ ಜೇನು ಎದ್ದಂತೆ. ಈ ಸಭೆಯನ್ನು ನಡೆಸುವವರು ಸುಭದ್ರಾ, ಮಂಗಳೂರಿನವರು, ಬ್ಯಾಂಕಿನಲ್ಲಿ ಅಧಿಕಾರಿ, ಮದುವೆಯಾಗಲಿಲ್ಲ. ಬ್ಯಾಂಕು ಕಳಿಸಿದಲ್ಲೆಲ್ಲ ಒಂಟಿಯಾಗಿ ಹೋಗಿ ಮನೆ ಹೂಡಿದವರು. ಅವರ ಎದುರು ನಿಂತರೆ ಸುಲೋಚನಾಳಿಗೆ ಯಾವಾಗಲೂ ತಾನು ಸಾಲ ಕೇಳಲು ಬಂದವಳಂತೆ ಅನಿಸುತ್ತಿತ್ತು.

"ಬನ್ನಿ ಬನ್ನಿ. ಅಹಮದಾಬಾದಿನಿಂದ ಫೋನ್ ಬಂತು. ಎಲ್ಲ ಗೊತ್ತಾಯ್ತು" ಎಂದರು ಸುಭದ್ರಾ. "ಮಕ್ಕಳಂತೂ ಮಧ್ಯಾಹ್ನದಿಂದ ಊಟ ಸಹ ಮಾಡ್ಲಿಲ್ಲ. ಹಾವಿನ ಆಂಟಿ ಎಷ್ಟೊತ್ತಿಗೆ ಬರ್ತಾರೆ ಅಂತ ಒಂದೇ ಪ್ರಶ್ನೆ."

ನಿಜವಾಗಿಯೂ ಮುಂದಿನ ಸಾಲಿನಲ್ಲಿ ಮಕ್ಕಳು ಒತ್ತಿ ಕೂತಿದ್ದರು. ಕಿಶೋರನ ಪ್ರಸಂಗದುದ್ದಕ್ಕೂ ಅವರು ಸುಲೋಚನಾಳನ್ನೇ ನೋಡುತ್ತಿದ್ದರು. ಪ್ರಾರ್ಥನಾ ಹಾಡಿದಳು. ಕಿಶೋರ್ ಎದ್ದು, "ಈಗ ನನ್ನ ಹೆಂಡತಿ ಕಡೇ ಸಲ ಸಾಕ್ಷಿ ಹೇಳ್ತಾಳ. ಇನ್ನ ಮುಂದ ಆಕಿ ವಡೋದರಾದಾಗ ನೆಮ್ಮದಿಯಿಂದ ಇರ್ತಾಳ" ಎಂದು ಹೇಳಿ ಬದಿಗೆ ಸರಿದ.

ಸುಲೋಚನಾ ಎದ್ದು ನಿಂತಳು. ಕೈ ಚೀಲದೊಳಗೆ ಹೋಗಿ ಕೀಲಿ ಹಿಡಿಯಿತು. "ನಮ್ಮ ಬಚ್ಚಲಮನ್ಯಾಗ ಒಂದು ಹಾವು ಬಂತು" ಎಂದಳು.

ಮಕ್ಕಳು ಒಟ್ಟಿಗೆ ಉಸಿರೆಳೆದುಕೊಂಡವು.

"ಎಷ್ಟ್ ದೊಡ್ಡದು, ಆಂಟಿ?" ಎಂದಳು ಮುಂದೆ ಕೂತ ಎರಡು ಜುಟ್ಟಿನ ಹುಡುಗಿ.

ಸುಲಭವಾದ ಉತ್ತರ ಸುಲೋಚನಾಳ ನಾಲಿಗೆಯ ತುದಿಯಲ್ಲೇ ಇತ್ತು. ಅದು ಇಷ್ಟು ದಿನ ಬೆಳೆದ ರೀತಿ ನೋಡಿದರೆ ಈ ದಿನ ಬಾಗಿಲಿಗಿಂತ ಉದ್ದವಾಗಿರಬೇಕಿತ್ತು. ಅವಳು ಬೆನ್ನ ಮೇಲಿನ ಜಡೆಯನ್ನು ಮುಂದಕ್ಕೆ ಎಳೆದುಕೊಂಡಳು.

"ಇಷ್ಟು."

"ಇಷ್ಟೇನಾ?" ಎಂದಳು ಹುಡುಗಿ. ಅವಳ ಮುಖ ನೋಡಿದರೆ ಯಾರೋ ಕೈಯಿಂದ ಐಸ್‌ಕ್ರೀಮು ಕಿತ್ತುಕೊಂಡಂತಿತ್ತು.

"ಇಷ್ಟೇ. ದಪ್ಪನೂ ಇಷ್ಟೇ. ಪೊರಕಿ ಮ್ಯಾಲೆ ತಗೊಂಡು ಹೊರಗ ಬಿಟ್ಟೆ. ಅದಕ್ಕೇ ನನ್ನ ನೋಡಿ ಅಂಜಿಕಿ ಆಗಿತ್ತು."

ದೊಡ್ಡವರು ಒಬ್ಬರನ್ನೊಬ್ಬರು ನೋಡಿದರು. ಸುಲೋಚನಾ ಜಡೆಯನ್ನು ಹಿಂದಕ್ಕೆ ಎಸೆದುಕೊಂಡಳು. ಕಿಶೋರನ ಕಡೆ ನೋಡಲಿಲ್ಲ. ನೋಡಿದರೆ ನಿಂತುಹೋಗುತ್ತೇನೆ ಎಂದು ಗೊತ್ತಿತ್ತು.

"ಇಲ್ಲೀತನಾ ಅದನ್ನ ನಾ ದೊಡ್ಡದು ಮಾಡಿ ಹೇಳೇನಿ. ಯಾಕಂದ್ರ ನೀವು ಪ್ರಾರ್ಥನಿ ಮಾಡಬೇಕಂದ್ರ ಕಷ್ಟ ಇರಬೇಕು ಅಂತ ತಿಳಕೊಂಡಿದ್ದೆ. ಕಷ್ಟ ಇಲ್ಲ ಅಂತಲ್ಲ, ಮಲೇರಿಯಾ ಬರತೈತಿ, ಕರೆಂಟ್ ಹೋಗತೈತಿ, ಮಗಳು ಜಗಳಾ ಮಾಡ್ತಾಳ. ಅದು ಎಲ್ಲಾ ಕಡೆ ಐತಿ. ಆದ್ರ ನನಗ ಅಲ್ಲಿ ಖುಷಿ ಐತ್ರಿ." ಅವಳು ಕೀಲಿಯನ್ನು ಹೊರತೆಗೆದಳು. ಮರದ ಮೀನು ತೂಗಾಡಿತು. "ಇದು ನಾ ಹೊಡಿಯೋ ಗಾಡಿದು. ಬುಧವಾರ ನಾ ಇದನ್ನ ಹೊಡಕೊಂಡು ಹೊಂಟ್ರ, ಹಾದ್ಯಾಗ ಹೆಂಗಸರು ಹಾಡು ಹೇಳ್ತಾರ. ನಾನೂ ಹೇಳ್ತೀನಿ. ನನ್ನ ದನಿ ಛಲೋ ಇಲ್ಲ, ಅಲ್ಲಿ ಯಾರೂ ಅದನ್ನ ಅನ್ನಂಗಿಲ್ಲ. ಹೋದ ವರ್ಷ ಅಲ್ಲಿಂದ ಬರುವಾಗ ಒಬ್ಬಾಕಿ ಅರ್ಧಾ ಹೊಲಿದ ಲಂಗಾ ತೋರಿಸಿ ಅಂದ್ಲು, ನೀ ಬರೂ ತನಕಾ ಇದನ್ನ ಹಿಂಗ ಇಡತೀನಿ ಅಂತ. ಆಕಿ ಅರ್ಧಾ ಲಂಗಾ ಇಟಗೊಂಡು ಕಾಯಾಕತ್ತಾಳ. ನನಗ ಇಲ್ಲೆ ನೆಮ್ಮದಿ ಬ್ಯಾಡ್ರಿ. ನಾ ಹೋಗಬೇಕು."

ಅವಳು ಕೂತುಬಿಟ್ಟಳು. 'ಆಮೆನ್' ಎನ್ನುವುದೂ ಮರೆತುಹೋಯಿತು.

ಸುಭದ್ರಾ ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು, ಸಾಲದ ಅರ್ಜಿ ನೋಡುವ ಹಾಗೆ.

"ಅಲ್ಲ ಮಾರಾಯ್ತಿ," ಎಂದರು, "ಹಾಗಾದ್ರೆ ಒಂದು ವರ್ಷದಿಂದ ನಾವು ಶುಕ್ರವಾರ ಉಪವಾಸ ಕೂತು ಪ್ರಾರ್ಥನೆ ಮಾಡಿದ್ದು ಯಾರಿಗೆ?"

"ಹಾವಿಗೆ, ಆಂಟಿ" ಎಂದಳು ಪ್ರಾರ್ಥನಾ. "ದಟ್ ಸ್ನೇಕ್ ಈಸ್ ವೆರಿ ಬ್ಲೆಸ್ಡ್ ನೌ."

ಮೊದಲು ನಕ್ಕವರು ಸುಭದ್ರಾ. ಬ್ಯಾಂಕಿನಲ್ಲಿ ಯಾರೂ ಆ ನಗು ಕೇಳಿರಲಾರರು, ಹೊಟ್ಟೆಯಿಂದ ಬಂದ, ಸದ್ದಿನ, ಒಡ್ಡ ನಗು. ಆಮೇಲೆ ಎಲ್ಲರೂ. ಮಕ್ಕಳು ಯಾಕೆಂದು ತಿಳಿಯದೆ ನಕ್ಕವು. ನಗು ಇಳಿದ ಮೇಲೆ ಸುಭದ್ರಾ ಎದ್ದು ಸುಲೋಚನಾಳ ಕೈಯಿಂದ ಕೀಲಿ ತೆಗೆದುಕೊಂಡು, ತೂಕ ನೋಡಿ, ವಾಪಸು ಕೊಟ್ಟರು.

"ನನಗೂ ಎಲ್ಲರೂ ಪಾಪ ಅಂತಾರೆ. ಒಬ್ಬಳೇ, ಊರೂರು ತಿರುಗ್ತಾಳೆ ಅಂತ. ಸುಮ್ಮನೆ ತಲೆಯಾಡಿಸ್ತೇನೆ. ನನಗೆ ಎಂತ ಮಜಾ ಉಂಟು ಅಂತ ಹೇಳಿದ್ರೆ ಯಾರೂ ನಂಬುದಿಲ್ಲ." ಆಮೇಲೆ ಜನರ ಕಡೆ ತಿರುಗಿ, "ಸರಿ, ಎಲ್ಲರೂ ಏಳಿ. ಈಗ ಸರಿಯಾದ ಪ್ರಾರ್ಥನೆ ಮಾಡುವ. ಗಾಡಿಯ ಟಯರಿಗೆ, ಆ ಲಂಗದವಳಿಗೆ" ಎಂದರು.

ಸೂರತ್ ಸ್ಟೇಷನ್ನಿನಲ್ಲಿ ರೈಲು ತಡವಾಗಿತ್ತು. ಪ್ರಾರ್ಥನಾ ನಾನ್‌ಖಟಾಯಿ ಕೊಳ್ಳಲು ಹೋದಳು. ಬೆಂಚಿನ ಮೇಲೆ ಗಂಡಹೆಂಡಿರ ನಡುವೆ ಚೀಲ ಇತ್ತು.

"ನನಗ ಯಾಕ ಹೇಳಲಿಲ್ಲ?" ಎಂದ ಕಿಶೋರ್.

"ನೀವು ತ್ಯಾಗ ತ್ಯಾಗ ಅಂತಿದ್ರಿ. ಕೇಳಾಕ ಛಂದ ಅನಸ್ತಿತ್ತು."

"ಎಲ್ಲಾರ ಮುಂದ ಹೇಳಿದಿ."

"ಹೂಂ. ನಿಮ್ಮೊಬ್ಬರ ಮುಂದ ಹೇಳಿದ್ರ ನೀವು ಇದೂ ಒಂದು ತ್ಯಾಗ ಅಂತಿದ್ರಿ. ನನಗಾಗಿ ಬರಾಕತ್ತಾಳ ಅಂತ."

ಅವನು ಅದನ್ನು ಯೋಚಿಸಿದ. ಹೌದೆನ್ನಿಸಿರಬೇಕು, ವಾದಿಸಲಿಲ್ಲ. ಎದುರಿನ ಹಳಿಯ ಮೇಲೆ ಗೂಡ್ಸ್ ಗಾಡಿಯೊಂದು ಎಷ್ಟೋ ಹೊತ್ತು ಹಾದುಹೋಯಿತು. ಅದರ ಸದ್ದು ಮುಗಿದ ಮೇಲೆ ಅವನು ಮೆಲ್ಲಗೆ ಕೇಳಿದ:

"ಟೇಬಲ್ ಸುದ್ದಿ ಯಾಕ ಹೇಳಲಿಲ್ಲ ಅಲ್ಲಿ?"

"ನೆನಪೈತಾ ನಿಮಗ?"

"ಮರೀತೈತೇನು? ನೀ ಇಲ್ಲೆ ಉಳಿದ್ರ ಮುಂದಿನ ಹಾವಿಗೆ ನಾ ಒಬ್ಬಾಂವನ ಏನ್ ಮಾಡ್ಲಿ ಅಂತ ಎರಡು ರಾತ್ರಿಯಿಂದ ನಿದ್ದಿ ಇಲ್ಲ." ಅವನು ಚೀಲದ ಕಡೆ ಬೆರಳು ತೋರಿಸಿದ. "ಮತ್ತ ಗಾಡಿ? ನಾ ಹೊಡದ್ರ ಪೂರಾ ಜಿಲ್ಲಾದಾಗ ಜೋಳ ಉಳಿಯಂಗಿಲ್ಲ."

ಅವಳು ನಕ್ಕಳು, ಸೆರಗು ಹಿಡಿಯದೆ. ಪಕ್ಕದ ಬೆಂಚಿನ ಗಂಡಸು ತಿರುಗಿ ನೋಡಿದ. ಅವಳು ನಿಲ್ಲಿಸಲಿಲ್ಲ.

ಹೊರಡುವ ದಿನ ಸೂಟ್‌ಕೇಸಿಗೆ ಉಪ್ಪಿನಕಾಯಿ ಮತ್ತೆ ಸೇರಿತು. ಕೆಳಗೆ ರಿಕ್ಷಾ ನಿಂತಿತ್ತು. ಮಂಜಲ್‌ಪುರದ ಸೊಸೈಟಿಯ ಹೆಂಗಸರೆಲ್ಲ ಮೆಟ್ಟಿಲ ಮೇಲೆ ಸಾಲಾಗಿ ನಿಂತಿದ್ದರು. ರಾಜಮ್ಮ ಸೊಸೆಯನ್ನು ತಬ್ಬಿ, ಮೊಮ್ಮಗಳನ್ನು ತಬ್ಬಿ, ಮಗನ ತಲೆ ಹಿಡಿದು ಪ್ರಾರ್ಥಿಸಿ, ಗೋಡೆಗೊರಗಿ ಅತ್ತಳು. ಅಳು ಸುಳ್ಳಾಗಿರಲಿಲ್ಲ. ಕಣ್ಣು ನಿಜವಾಗಿ ಕೆಂಪಾಗಿದ್ದವು. ನೆರೆಯವರು ಅವಳನ್ನು ಸಂತೈಸುತ್ತ ಒಳಗೆ ಕರೆದುಕೊಂಡು ಹೋಗಿ ಕೂರಿಸಿ ಬಂದರು.

ರಿಕ್ಷಾ ಹತ್ತಿದ ಮೇಲೆ ಸುಲೋಚನಾ ಚೀಲ ತಡಕಿದಳು. ಕೀಲಿ ಇರಲಿಲ್ಲ. ಅಡುಗೆಮನೆಯ ಬಾಗಿಲ ಮೊಳೆಗೆ ತಾನೇ ನೇತು ಹಾಕಿದ್ದು ನೆನಪಾಯಿತು. ಓಡುತ್ತ ಮೆಟ್ಟಿಲು ಹತ್ತಿದಳು.

ಮನೆಯ ಬಾಗಿಲು ತೆರೆದೇ ಇತ್ತು. ಒಲೆಯ ಮೇಲೆ ಒಬ್ಬರಿಗಾಗುವಷ್ಟು ಚಹಾ ಕುದಿಯುತ್ತಿತ್ತು. ರಾಜಮ್ಮ ಸ್ಟೂಲಿನ ಮೇಲೆ ಹತ್ತಿ ನಿಂತಿದ್ದಳು. ಕೆನ್ನೆಯ ಮೇಲೆ ಕಣ್ಣೀರು ಇನ್ನೂ ಆರಿರಲಿಲ್ಲ. ಎರಡೂ ಕೈಯಲ್ಲಿ ಹಿಡಿದ ಉಪ್ಪಿನ ಡಬ್ಬಿಯನ್ನು ಮೇಲಿನ ಹಲಗೆಯ ಮೇಲೆ, ಕಿಟಕಿಯ ಹತ್ತಿರ ಇಡುತ್ತಿದ್ದಳು. ಇಟ್ಟು, ಸ್ವಲ್ಪ ಹಿಂದಕ್ಕೆ ಬಾಗಿ ನೋಡಿ, ಇನ್ನೂ ಒಂಚೂರು ಎಡಕ್ಕೆ ಸರಿಸಿದಳು. ಆಗ ಸೊಸೆ ಕಣ್ಣಿಗೆ ಬಿದ್ದಳು.

"ಏನ್ ಮರತು ಬಂದಿ?" ಎಂದಳು, ಸ್ಟೂಲಿನ ಮೇಲಿಂದಲೇ.

"ಕೀಲಿ" ಎಂದಳು ಸುಲೋಚನಾ. ಮೊಳೆಯಿಂದ ಅದನ್ನು ತೆಗೆದುಕೊಂಡು, ಅತ್ತೆ ಇಳಿಯಲೆಂದು ಕೈ ಕೊಟ್ಟಳು. ರಾಜಮ್ಮ ಆ ಕೈ ಹಿಡಿದು ಇಳಿದಳು. ಸ್ವಲ್ಪ ಹೊತ್ತು ಬಿಡಲಿಲ್ಲ.

"ಲಗೂ ಹೋಗು" ಎಂದಳು ಆಮೇಲೆ. "ಚಹಾ ಉಕ್ಕಾಕತ್ತೈತಿ."